ಗ್ರಂಥಕರ್ತನ ಹೊರೆ, ವಾಚಕನ ಹೆಗಲು

ಸಾಹಿತ್ಯವನ್ನು ಕುರಿತು ನಾವು ನಡೆಸುವ ಚರ್ಚೆಗಳಲ್ಲಿ ರಸಕ್ಕೆ, ಧ್ವನಿಗೆ, ಸಿದ್ಧಾಂತಕ್ಕೆ, ಸಮಾಜಕ್ಕೆ ಎಲ್ಲಕ್ಕೂ ಸ್ಥಾನವುಂಟು. ಆದರೆ ಗ್ರಂಥವನ್ನು ಬರೆದಾತನು ಬರೆಯುತ್ತಿದ್ದ ಆ ಒಂದೆರಡು ವರ್ಷಗಳ ಕಾಲ ಯಾವುದರಿಂದ ಉಂಡನು, ಅಚ್ಚಿನ ಮನೆಯ ಬಾಕಿಯನ್ನು ಎಲ್ಲಿಂದ ತೀರಿಸಿದನು, ಅಚ್ಚಾದ ಪ್ರತಿಗಳು ಯಾವ ದಾರಿಯನ್ನು ಹಿಡಿದು ಓದುವವರ ಕೈಯನ್ನು ಮುಟ್ಟಿದುವು ಎಂಬ ಪ್ರಶ್ನೆಗಳು ಎದ್ದೊಡನೆಯೇ, ಗೌರವಸ್ಥರ ಮನೆಯಲ್ಲಿ ಆಡಬಾರದ ಮಾತೊಂದನ್ನು ಆಡಿದಂತೆ ಎಲ್ಲರಿಗೂ ಸಂಕೋಚವುಂಟಾಗುತ್ತದೆ. ನಮ್ಮ ಪ್ರಾಚೀನ ಆಲಂಕಾರಿಕರಿಗೆ ಈ ಸಂಕೋಚವಿರಲಿಲ್ಲ. ಮಮ್ಮಟನು ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಯಶಸ್ಸಿನ ಬೆನ್ನಿಗೇ ಅರ್ಥಪ್ರಾಪ್ತಿಯನ್ನು ಇರಿಸಿದ್ದಾನೆ. ವ್ಯವಹಾರಜ್ಞಾನವೂ ಅಮಂಗಳನಾಶವೂ ಪರಮಾನಂದವೂ ಆಮೇಲೆ ಬರುತ್ತವೆ. ಬರೆಯುವವನಿಗೆ ಹೊಟ್ಟೆಯೆಂಬುದೊಂದಿದೆ, ಬರೆದದ್ದಕ್ಕೆ ಕೇಳುಗರು ಬೇಕು ಎಂಬ ಎರಡು ಸಂಗತಿಗಳನ್ನು ಆತನು ಮುಚ್ಚಿಡಲಿಲ್ಲ. ಇಂದು ಕನ್ನಡದ ಪುಸ್ತಕಲೋಕವನ್ನು ಕುರಿತು ನಾನು ಹೇಳಬೇಕೆಂದಿರುವುದೂ ಈ ಎರಡು ಸಂಗತಿಗಳನ್ನು ಬಿಟ್ಟು ಬೇರೆಯದಲ್ಲ.

ಹತ್ತನೆಯ ಶತಮಾನದಲ್ಲಿ ಇವೆರಡಕ್ಕೂ ಉತ್ತರವಾಗಿ ನಿಂತವಳು ಒಬ್ಬ ಸ್ತ್ರೀ. ದಾನಚಿಂತಾಮಣಿ ಅತ್ತಿಮಬ್ಬೆಯು ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದಳು. ಬಳೆಗಾರರ ಕುಲದಲ್ಲಿ ಹುಟ್ಟಿದ ಆ ಮುದುವೊಳಲಿನ ಕವಿಗೆ ಅದರಿಂದ ಅನ್ನವೂ ಮಾನವೂ ದೊರೆತುವು. ಅಷ್ಟಕ್ಕೆ ನಿಲ್ಲದೆ ಆಕೆ ಪೊನ್ನನ ಶಾಂತಿಪುರಾಣವು ಲೋಪವಾಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಪ್ರತಿ ಎಂದರೆ ಲಿಪಿಕಾರರು ಕಂಟದಿಂದ ತಾಳೆಗರಿಯ ಮೇಲೆ ಅಕ್ಷರಾಕ್ಷರವಾಗಿ ಕೊರೆದ ಸಾವಿರ ಕಟ್ಟುಗಳು. ಗ್ರಂಥವನ್ನು ಬರೆಯಿಸುವುದು ಒಂದು ಪುಣ್ಯ, ಅದನ್ನು ಓದುವವರ ಬಳಿಗೆ ಸೇರಿಸುವುದು ಇನ್ನೊಂದು ಪುಣ್ಯ, ಒಂದರಿಂದ ಇನ್ನೊಂದು ತಾನಾಗಿಯೇ ಆಗುವುದಿಲ್ಲ ಎಂಬ ತಿಳಿವು ಆಕೆಗಿತ್ತು. ಸಾವಿರ ವರ್ಷಗಳ ತರುವಾಯ, ಯಂತ್ರವೇ ಅಚ್ಚು ಹಾಕಿ ಹೊಲಿದು ಕೊಡುವ ಈ ದಿನಗಳಲ್ಲಿ, ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳು ಐನೂರು ಪ್ರತಿಗಳಾಗಿ ಅಚ್ಚಾಗಿ, ಅದರಲ್ಲಿಯೂ ಅರ್ಧ ಗ್ರಂಥಕರ್ತನ ಮಂಚದಡಿಯಲ್ಲಿ ಉಳಿಯುತ್ತಿರುವುದನ್ನು ಕಂಡಾಗ, ಅತ್ತಿಮಬ್ಬೆಯ ಆ ಎರಡನೆಯ ಪುಣ್ಯವನ್ನು ನಾವು ಕೈಬಿಟ್ಟೆವೆಂದೇ ಹೇಳಬೇಕಾಗುತ್ತದೆ.

ರಾಜರೂ ರಾಣಿಯರೂ ದಂಡನಾಯಕರೂ ಹೋದರು. ಅವರ ಸ್ಥಾನಕ್ಕೆ ಪ್ರಕಾಶಕನು ಬಂದನು, ಸರ್ಕಾರವು ಬಂದಿತು. ಪ್ರಕಾಶಕನಿಗೆ ತನ್ನ ಬಂಡವಾಳದ ಚಿಂತೆ. ಸರ್ಕಾರಕ್ಕೆ ನಿಯಮಾವಳಿಯ ಚಿಂತೆ. ಎರಡೂ ಅನ್ಯಾಯದ ಚಿಂತೆಗಳಲ್ಲ. ಆದರೆ ಓದುವವನೇ ಮುಂದೆ ಬಂದು, ಇನ್ನೂ ಹುಟ್ಟದಿರುವ ಗ್ರಂಥಕ್ಕೆ ತನ್ನ ಪಾಲಿನ ಹಣವನ್ನು ಮೊದಲೇ ಇಟ್ಟು, ಇದು ಬರಲಿ, ಬಂದರೆ ನಾನು ಓದುತ್ತೇನೆ ಎಂದು ಹೇಳುವ ಮೂರನೆಯ ಮಾರ್ಗವೊಂದು ಹಿಂದಿನಿಂದಲೂ ಇದೆ. ಅದನ್ನು ಅನುಸರಿಸಿದವರ ಕಥೆಗಳು ಬಹಳ ಉಜ್ಜ್ವಲವಾಗಿವೆ. ಲಂಡನ್ನಿನಲ್ಲಿ ಅಲೆಕ್ಸಾಂಡರ್ ಪೋಪನು ಹೋಮರನ ಇಲಿಯಡ್ ಕಾವ್ಯವನ್ನು ಇಂಗ್ಲಿಷಿಗೆ ತರಲು ಹೊರಟಾಗ, ಆರು ಸಂಪುಟಗಳಿಗೆ ಸಂಪುಟಕ್ಕೊಂದು ಗಿನಿಯಂತೆ ಚಂದಾ ಕೂಡಿಸಿದನು. 1715ರಿಂದ 1720ರವರೆಗೆ ಸಂಪುಟಗಳು ಹೊರಬಂದುವು. ಚಂದಾದಾರರ ಹೆಸರುಗಳು ಗ್ರಂಥದ ಮೊದಲಲ್ಲಿಯೇ ಅಚ್ಚಾದುವು. ಆ ಅನುವಾದದಿಂದ ಬಂದ ಹಣವು ಪೋಪನನ್ನು ಜೀವಮಾನಪರ್ಯಂತ ಯಾವ ಪ್ರಭುವಿನ ಬಾಗಿಲಲ್ಲಿಯೂ ನಿಲ್ಲದಂತೆ ಮಾಡಿತು. ಆದರೆ ಗಿನಿಗಳನ್ನು ಕೊಟ್ಟವರು ಬಹುಮಟ್ಟಿಗೆ ಶ್ರೀಮಂತರೂ ಅಧಿಕಾರಸ್ಥರೂ ಆಗಿದ್ದರು; ಸಾಮಾನ್ಯನಿಗೆ ಅದು ಕೈಗೆಟುಕುವ ಬೆಲೆಯಲ್ಲ. ಆದುದರಿಂದ ಆ ಕಥೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಿಲ್ಲಬೇಕಾದದ್ದು ಪೀಟರ್ಸ್‌ಬರ್ಗ್ ನಗರದ ಒಂದು ಬಾಡಿಗೆ ಮನೆಯಲ್ಲಿ. ಫ್ಯೋದರ್ ದಾಸ್ತಯೇವ್‌ಸ್ಕಿಯ ಕಾದಂಬರಿಗಳನ್ನು ಓದಿದವರು ನಮ್ಮಲ್ಲಿ ಬಹಳ ಮಂದಿ. ಆತನ ಹೆಂಡತಿ ಆನ್ನಾ ಗ್ರಿಗೋರ್ಯೆವ್ನಾ ಆ ಕಾದಂಬರಿಗಳನ್ನು ಹೇಗೆ ಮಾರಿದಳೆಂಬುದನ್ನು ಬಲ್ಲವರು ಕಡಮೆ. ಅಣ್ಣನು ನಡೆಸುತ್ತಿದ್ದ ಪತ್ರಿಕೆಯ ಸಾಲವನ್ನು, ಅಣ್ಣನು ತೀರಿಕೊಂಡ ಮೇಲೆ, ದಾಸ್ತಯೇವ್‌ಸ್ಕಿ ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದನು. ಆ ಇಕ್ಕಟ್ಟಿನಲ್ಲಿ ಸ್ತೆಲ್ಲೋವ್‌ಸ್ಕಿ ಎಂಬ ಪ್ರಕಾಶಕನೊಡನೆ ಮಾಡಿಕೊಂಡ ಕರಾರು ಹೀಗಿತ್ತು: 1866ರ ನವೆಂಬರ್ 1ರೊಳಗಾಗಿ ಹೊಸ ಕಾದಂಬರಿಯೊಂದನ್ನು ಒಪ್ಪಿಸದಿದ್ದರೆ, ಮುಂದಿನ ಒಂಬತ್ತು ವರ್ಷ ಆತನು ಏನನ್ನು ಬರೆದರೂ ಅದನ್ನು ಬಿಡಿಕಾಸು ಕೊಡದೆ ಅಚ್ಚು ಹಾಕುವ ಹಕ್ಕು ಆ ಪ್ರಕಾಶಕನದು. ಗಡುವಿಗೆ ಒಂದು ತಿಂಗಳೂ ಉಳಿದಿಲ್ಲದಾಗ, ಶೀಘ್ರಲಿಪಿ ಕಲಿತಿದ್ದ ಇಪ್ಪತ್ತು ವರ್ಷದ ಹುಡುಗಿಯೊಬ್ಬಳನ್ನು ಕರೆಸಿ, ಆತನು ಬಾಯಲ್ಲಿ ಹೇಳುತ್ತ ಹೋಗಿ, ಆಕೆ ಬರೆದುಕೊಂಡು ಮನೆಯಲ್ಲಿ ಸ್ಫುಟವಾಗಿ ನಕಲು ಮಾಡಿ ತಂದು, ಇಪ್ಪತ್ತಾರು ದಿನಗಳಲ್ಲಿ 'ಜೂಜುಗಾರ' ಎಂಬ ಕಾದಂಬರಿ ಮುಗಿಯಿತು. ಆ ಹುಡುಗಿಯೇ ಆನ್ನಾ. ಮರುವರ್ಷ ಅವರಿಬ್ಬರಿಗೂ ವಿವಾಹವಾಯಿತು. ಸಾಲಗಾರರಿಗೆ ಅಂಜಿ ನಾಲ್ಕು ವರ್ಷ ಪರದೇಶಗಳಲ್ಲಿ ಅಲೆದು 1871ರಲ್ಲಿ ಸ್ವದೇಶಕ್ಕೆ ಮರಳಿದರು.

ಪತ್ರಿಕೆಯಲ್ಲಿ ಭಾಗಭಾಗವಾಗಿ ಹೊರಬಂದಿದ್ದ 'ಭೂತಗಳು' ಕಾದಂಬರಿಯನ್ನು ಪುಸ್ತಕರೂಪದಲ್ಲಿ ತರಲು ಪ್ರಕಾಶಕರು ಮುಂದಿಟ್ಟ ಮೊತ್ತವು ಆ ಮಹಾಗ್ರಂಥಕ್ಕೆ ಅವಮಾನವೆಂಬಷ್ಟು ಅಲ್ಪವಾಗಿತ್ತು. ಆಗ ಆನ್ನಾ ತಾನೇ ಅಚ್ಚು ಹಾಕಿಸಿ ಮಾರುವುದಾಗಿ ನಿಶ್ಚಯಿಸಿದಳು. ಅಂಗಡಿಗಳಿಗೆ ಹೋಗಿ ಗಿರಾಕಿಯಂತೆ ಮಾತನಾಡುತ್ತ, ಮಾರಾಟಗಾರರಿಗೆ ಎಷ್ಟು ಕಮಿಷನ್ ಕೊಡುವ ವಾಡಿಕೆ, ಕಾಗದಕ್ಕೆ ಎಷ್ಟು, ಹೊಲಿಗೆಗೆ ಎಷ್ಟು, ಮುದ್ರಣಾಲಯದವರು ಎಷ್ಟು ಕಾಲ ತಾಳುತ್ತಾರೆ ಎಂಬುದನ್ನೆಲ್ಲ ಕೇಳಿ ತಿಳಿದಳು. 3,500 ಪ್ರತಿಗಳು ಸಿದ್ಧವಾದುವು; ಬೆಲೆ ಮೂರೂವರೆ ರೂಬಲ್. 1873ರ ಜನವರಿ 22ರಂದು ಪತ್ರಿಕೆಯಲ್ಲಿ ಜಾಹೀರಾತು ಬಂದಿತು. ಅದೇ ದಿನ ಬೆಳಗ್ಗೆ ಪುಸ್ತಕದಂಗಡಿಯ ಆಳೊಬ್ಬನು ಮನೆಯ ಬಾಗಿಲಿಗೆ ಬಂದು ಹತ್ತು ಪ್ರತಿ ಬೇಕೆಂದನು; ಶೇಕಡಾ ಇಪ್ಪತ್ತರ ಕಮಿಷನ್ನಿಗೆ ಆಕೆ ಕೊಟ್ಟಳು; ಇನ್ನೂ ಹೆಚ್ಚು ಕೇಳಿದ್ದಕ್ಕೆ ಒಪ್ಪಲಿಲ್ಲ. ರಾತ್ರಿಯೆಲ್ಲ ಬರೆದು ತಡವಾಗಿ ಏಳುವುದು ದಾಸ್ತಯೇವ್‌ಸ್ಕಿಯ ಪದ್ಧತಿ. ಆತನು ಎದ್ದು ಬರುವ ವೇಳೆಗೆ ಹೆಂಡತಿಯು ಆಗಲೇ ವ್ಯಾಪಾರ ಮುಗಿಸಿ ನೋಟುಗಳನ್ನು ಎಣಿಸಿ ಇಟ್ಟಿದ್ದಳು. ಆ ಒಂದು ದಿನದಲ್ಲಿ 115 ಪ್ರತಿಗಳು ಮಾರಾಟವಾದುವು.

ಆನ್ನಾ ತನ್ನ ಸ್ಮರಣೆಗಳಲ್ಲಿ ಇದನ್ನೆಲ್ಲ ಲೆಕ್ಕಪತ್ರ ಸಹಿತವಾಗಿ ಬರೆದಿಟ್ಟಿದ್ದಾಳೆ, ಮತ್ತು ಆ ಲೆಕ್ಕದಲ್ಲಿ ಆಕೆಗೆ ಎಳ್ಳಷ್ಟೂ ಲಜ್ಜೆಯಿಲ್ಲ. ಅದಕ್ಕಾಗಿಯೇ ನನಗೆ ಆಕೆಯಲ್ಲಿ ವಿಶೇಷ ಗೌರವ. ಮಾನವಹೃದಯದ ಪಾತಾಳವನ್ನು ಶೋಧಿಸುತ್ತಿದ್ದ ಆ ಮಹಾಲೇಖಕನಿಗೆ ಕೊನೆಯ ಎಂಟು ವರ್ಷ ಸಾಲಗಾರರ ಕಾಟ ಕಡಮೆಯಾಗಿ, ಬರೆಯಲು ನೆಮ್ಮದಿ ದೊರೆತದ್ದು ಆಕೆ ಬಾಗಿಲಲ್ಲಿ ನಿಂತು ಚೌಕಾಶಿ ಮಾಡಿದ್ದರಿಂದ. 1876 ಮತ್ತು 1877ರಲ್ಲಿ ಆತನು 'ಲೇಖಕನ ದಿನಚರಿ' ಎಂಬ ಮಾಸಪತ್ರಿಕೆಯನ್ನು ಒಬ್ಬನೇ ಬರೆದು ಚಂದಾದಾರರಿಗೆ ಕಳುಹಿಸಿದನು. ರಷ್ಯಾದ ಮೂಲೆಮೂಲೆಗಳಿಂದ ಅಪರಿಚಿತರು ಆತನಿಗೆ ತಮ್ಮ ಕಷ್ಟಸುಖಗಳನ್ನು ಬರೆದುಕೊಳ್ಳತೊಡಗಿದರು. 'ಕರಮಾಜೋವ್ ಸಹೋದರರು' ಬಂದಾಗ ಅದನ್ನು ಕಾದು ಕುಳಿತಿದ್ದ ವಾಚಕಸಮೂಹವು ರೂಪುಗೊಳ್ಳುವುದರಲ್ಲಿ ಆ ಪತ್ರಿಕೆಯ ಪಾಲು ದೊಡ್ಡದು. ಹಣದ ದಾರಿಯೂ ಓದುಗನ ದಾರಿಯೂ ಒಂದೇ ಆದಾಗ ಇಂತಹ ಫಲವಾಗುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ದಾಸ್ತಯೇವ್‌ಸ್ಕಿಯ ಮನೆಯಲ್ಲಿ 115 ಪ್ರತಿಗಳು ಮಾರಾಟವಾದ ಕಾಲದಲ್ಲಿ, ತುಂಗಭದ್ರೆಯ ದಡದ ಗಳಗನಾಥವೆಂಬ ಗ್ರಾಮದಲ್ಲಿ ವೆಂಕಟೇಶ ತಿರಕೋ ಕುಲಕರ್ಣಿ ಎಂಬ ನಾಲ್ಕು ವರ್ಷದ ಬಾಲಕನಿದ್ದನು. 1869ರಲ್ಲಿ ಹುಟ್ಟಿದ ಆತನೇ ಮುಂದೆ ತನ್ನ ಊರಿನ ಹೆಸರಿನಿಂದ ಪ್ರಸಿದ್ಧನಾದ ಕಾದಂಬರಿಕಾರ ಗಳಗನಾಥರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ ಆಗ ಮರಾಠಿಯ ಪ್ರಾಬಲ್ಯ. ಕಥೆ ಕಾದಂಬರಿಗಳನ್ನು ಓದುವ ರುಚಿಯಿದ್ದ ಕನ್ನಡಿಗನು ಸಹ ಮರಾಠಿ ಪುಸ್ತಕವನ್ನೇ ಹಿಡಿಯುತ್ತಿದ್ದನು. ಶಾಲಾ ಶಿಕ್ಷಕರಾಗಿದ್ದ ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 'ಮಾಧವ ಕರುಣಾವಿಲಾಸ'ದಂತಹ ಸ್ವತಂತ್ರ ಕೃತಿಗಳನ್ನು ರಚಿಸಿದರು. ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಕನ್ನಡ ಪುಸ್ತಕಗಳನ್ನು ಕೊಳ್ಳುವವರು ಎಲ್ಲಿದ್ದಾರೆಂದು ಕೇಳುವವರಿಗೆ ಅವರು ಕೊಟ್ಟ ಉತ್ತರ ಪ್ರಸಿದ್ಧವಾದದ್ದು: ಪುಸ್ತಕಗಳ ಗಂಟನ್ನು ಕಟ್ಟಿ, ತಾವೇ ಹೊತ್ತು, ಊರಿಂದೂರಿಗೆ ನಡೆದು, ಮನೆಯ ಬಾಗಿಲುಗಳಲ್ಲಿ ನಿಂತು ಮಾರಿದರು.

ಈ ಸಂಗತಿಯನ್ನು ನಾವು ಭಾಷಣಗಳಲ್ಲಿ ಎಷ್ಟು ಸಲ ಹೇಳಿದ್ದೇವೆಂದರೆ, ಅದರ ಒಳಗಿನ ಶ್ರಮವು ನಮ್ಮ ಕಣ್ಣಿಗೆ ಬೀಳದಂತಾಗಿದೆ. ಧಾರವಾಡ ಸೀಮೆಯ ಎರೆಯ ನೆಲವು ಬೇಸಗೆಯಲ್ಲಿ ಕಾಲಿಡದಷ್ಟು ಕಾಯುತ್ತದೆ. ಮಳೆ ಬಿದ್ದರೆ ಹೆಜ್ಜೆಗೊಮ್ಮೆ ಕಾಲಿಗೆ ಸೇರುಗಟ್ಟಲೆ ಕೆಸರು ಮೆತ್ತುತ್ತದೆ. ನೂರಾರು ಪುಟಗಳ ಕಾದಂಬರಿಗಳ ಗಂಟು ಹಗುರವಾದದ್ದಲ್ಲ. ಆ ಗಂಟನ್ನು ಒಂದು ಊರಿನ ಪಡಸಾಲೆಯಲ್ಲಿ ಇಳಿಸಿ, ದಣಿದ ಉಸಿರಿನಲ್ಲಿಯೇ ಕಥೆಯ ಸಾರವನ್ನು ಹೇಳಿ, ಆಣೆಗಳನ್ನು ಎಣಿಸಿಕೊಂಡು, ಉಳಿದದ್ದನ್ನು ಮತ್ತೆ ಹೊತ್ತು ಮುಂದಿನ ಊರಿಗೆ ನಡೆಯುವುದೆಂದರೆ, ಬರೆಯುವುದಕ್ಕೆ ಸವೆಸಬೇಕಾದ ಆಯುಸ್ಸನ್ನು ನಡೆಯುವುದಕ್ಕೆ ಸವೆಸುವುದು. ಗಳಗನಾಥರು ಅದನ್ನು ಸಂತೋಷದಿಂದ ಮಾಡಿದರು, ಮತ್ತು ಒಂದು ಇಡೀ ಸೀಮೆಯ ಜನಕ್ಕೆ ಕನ್ನಡದಲ್ಲಿ ಓದುವ ಅಭ್ಯಾಸವನ್ನು ಹಚ್ಚಿದರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ 1942ರಲ್ಲಿ ಅವರು ತೀರಿಕೊಳ್ಳುವವರೆಗೂ ಬಡತನವು ಅವರ ಬೆನ್ನು ಬಿಡಲಿಲ್ಲ. ಅವರ ಹೊರೆಗೆ ಇನ್ನೊಂದು ಹೆಗಲು ದೊರೆತಿದ್ದರೆ ನಮಗೆ ಇನ್ನೆಷ್ಟು ಗ್ರಂಥಗಳು ದೊರೆಯುತ್ತಿದ್ದುವೋ ಎಂಬ ಪ್ರಶ್ನೆಯನ್ನು ನಾವು ಕೇಳದೆ, ಬರಿದೆ ಕೈಮುಗಿದು ಮುಂದೆ ಹೋಗುವುದು ಅವರಿಗೆ ಸಲ್ಲಿಸುವ ಗೌರವವೆಂದು ನನಗೆ ತೋರುವುದಿಲ್ಲ.

ಗಳಗನಾಥರಿಗಿಂತ ಒಂದೇ ವರ್ಷ ಕಿರಿಯನಾದ ನಂದಳಿಕೆಯ ಲಕ್ಷ್ಮೀನಾರಣಪ್ಪನು ಓದುಗರನ್ನು ಕಾಣಲು ಹಿಡಿದ ದಾರಿ ಇನ್ನೂ ವಿಚಿತ್ರವಾದದ್ದು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಆ ತರುಣನು, ಹೊಸಬನ ಹಳಗನ್ನಡವನ್ನು ಯಾರು ಆದರಿಸುವರೆಂದು ಅಂಜಿ, ತಾನು ಬರೆದ 'ಅದ್ಭುತ ರಾಮಾಯಣ', 'ರಾಮಾಶ್ವಮೇಧ'ಗಳನ್ನು ಮುದ್ದಣನೆಂಬ ಹಳಬನ ಕೃತಿಗಳೆಂಬಂತೆ, ಪ್ರಾಚೀನ ಕಾವ್ಯಗಳನ್ನು ಪ್ರಕಟಿಸುತ್ತಿದ್ದ ಮೈಸೂರಿನ ವಿದ್ವಾಂಸರಿಗೆ ಕಳುಹಿಸಿದನು. ಕಾವ್ಯಗಳು ಅಚ್ಚಾದುವು, ಮೆಚ್ಚುಗೆ ಬಂದಿತು. ಕವಿಯು 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡನು. ಆ ಮುದ್ದಣನು ಈತನೇ ಎಂದು ಲೋಕಕ್ಕೆ ಗೊತ್ತಾದದ್ದು ಬಹುಕಾಲದ ಮೇಲೆ. ಓದುಗರನ್ನು ಪಡೆಯುವುದಕ್ಕಾಗಿ ತನ್ನ ಹೆಸರನ್ನೇ ತೆರಬೇಕಾಗಿ ಬಂದ ಕವಿಯನ್ನು ನೆನೆದಾಗ, ಹೊಸಬನನ್ನು ಆದರಿಸುವ ಏರ್ಪಾಡೊಂದು ಸಮಾಜದಲ್ಲಿ ಇಲ್ಲದಿರುವುದು ಎಷ್ಟು ದೊಡ್ಡ ಕೊರತೆಯೆಂಬುದು ಹೃದಯಕ್ಕೆ ನಾಟುತ್ತದೆ.

ಅಂತಹ ಏರ್ಪಾಡೊಂದು ಕನ್ನಡದಲ್ಲಿಯೇ ಹುಟ್ಟಿತು. 1933ರಲ್ಲಿ ಧಾರವಾಡದಲ್ಲಿ ಜಡಭರತರೆಂಬ ಕಾವ್ಯನಾಮದ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಪ್ರಾರಂಭಿಸಿದರು. ಅದರ ಮೂಲಸೂತ್ರವು ಸರಳವಾದದ್ದು: ವರ್ಷಕ್ಕಿಷ್ಟು ಎಂದು ಚಂದಾ ಕೊಟ್ಟವರಿಗೆ ಆ ವರ್ಷ ಮಾಲೆಯಲ್ಲಿ ಹೊರಬರುವ ಪುಸ್ತಕಗಳು ಮನೆಗೆ ಬಂದು ಸೇರುತ್ತವೆ. ಯಾವ ಪುಸ್ತಕ, ಯಾರು ಬರೆದದ್ದು ಎಂಬುದು ಚಂದಾದಾರನಿಗೆ ಮೊದಲೇ ಗೊತ್ತಿರಬೇಕಾಗಿಲ್ಲ. ಆರಿಸುವ ಭಾರವು ಜೋಶಿಯವರದು, ಅವರ ಜೊತೆಗಿದ್ದ ಕೀರ್ತಿನಾಥ ಕುರ್ತಕೋಟಿಯವರಂತಹ ವಿಮರ್ಶಕರದು. ಊರ ನಡುವಿನ ಕಟ್ಟಡವೊಂದರ ಮೇಲುಮಾಳಿಗೆಯಲ್ಲಿದ್ದ ಗ್ರಂಥಮಾಲೆಯ ಕಾರ್ಯಾಲಯಕ್ಕೆ 'ಅಟ್ಟ'ವೆಂದೇ ಹೆಸರಾಯಿತು. ಸಾಹಿತಿಗಳು ಅಲ್ಲಿಗೆ ಹತ್ತುವರು, ಹರಟುವರು, ಹಸ್ತಪ್ರತಿಯನ್ನು ಓದುವರು, ಜಗಳವಾಡುವರು. ಅಲ್ಲಿಂದ ಇಳಿದು ಬಂದ ಪುಸ್ತಕವು ಅಂಚೆಯ ಮೂಲಕ ಬಿಜಾಪುರದ ವಕೀಲರ ಮನೆಗೂ ಹಳ್ಳಿಯ ಮಾಸ್ತರರ ಮನೆಗೂ ಹೋಗುವುದು.

ಇದರ ಫಲವನ್ನು ನೋಡಿರಿ. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ'ಯು ಈ ಮಾಲೆಯಲ್ಲಿ ಪ್ರಕಟವಾಯಿತು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಹುಡುಗ. ಕನ್ನಡ ಓದುವವರಿಗೆ ಹೆಸರೇ ಗೊತ್ತಿಲ್ಲ. ಅದು ಅವರ ಮೊದಲ ನಾಟಕ. ಬಿಡಿಬಿಡಿಯಾಗಿ ಅಂಗಡಿಯಲ್ಲಿಟ್ಟಿದ್ದರೆ ಅದನ್ನು ಕೊಳ್ಳುವವರು ಎಷ್ಟು ಮಂದಿ ಇರುತ್ತಿದ್ದರು? ಆದರೆ ಅಟ್ಟದ ಆಯ್ಕೆಯನ್ನು ನಂಬಿ ಮೊದಲೇ ಹಣವಿಟ್ಟ ಚಂದಾದಾರರಿದ್ದರು. ಅವರು ಕಾರ್ನಾಡರನ್ನು ಕೊಳ್ಳಲಿಲ್ಲ. ಗ್ರಂಥಮಾಲೆಯ ಆಯ್ಕೆಯನ್ನು ಕೊಂಡರು, ಅದರೊಳಗೆ ಕಾರ್ನಾಡರು ಬಂದರು. 1964ರಲ್ಲಿ 'ತುಘಲಕ್' ಬಂದಿತು. 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ವೂ ಅಲ್ಲಿಂದಲೇ ಹೊರಬಂದಿತು. ಆ ಕಾದಂಬರಿಯು ಎಬ್ಬಿಸಿದ ವಾದವಿವಾದವನ್ನು ಬಲ್ಲವರಿಗೆ, ಲಾಭವನ್ನೇ ನೋಡುವ ಪ್ರಕಾಶಕನು ಅದನ್ನು ಮುಟ್ಟಲು ಹಿಂಜರಿಯುತ್ತಿದ್ದನೆಂದು ಬೇರೆ ಹೇಳಬೇಕಾಗಿಲ್ಲ. ಗಳಗನಾಥರು ಒಬ್ಬರೇ ಹೊತ್ತ ಗಂಟು ಇಲ್ಲಿ ನೂರಾರು ಹೆಗಲುಗಳ ಮೇಲೆ ಹಂಚಿಹೋಗಿತ್ತು. ಲೇಖಕನು ಬರೆಯುವುದಕ್ಕೆ ಸ್ವತಂತ್ರನಾಗಿದ್ದನು.

ಚಂದಾದ ಈ ಮಾರ್ಗವು ಹಳತಾಯಿತೆಂದು ತಿಳಿಯುವವರು ಅಮೆರಿಕದ ಈಚಿನ ಸಂಗತಿಯೊಂದನ್ನು ಗಮನಿಸಬೇಕು. 2022ರ ಮಾರ್ಚ್ ತಿಂಗಳಲ್ಲಿ ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ಅದ್ಭುತಕಥೆಗಳ ಲೇಖಕನು, ಸಾಂಕ್ರಾಮಿಕ ರೋಗದ ಕಾಲದಲ್ಲಿ ಗುಟ್ಟಾಗಿ ಬರೆದಿಟ್ಟಿದ್ದ ನಾಲ್ಕು ಕಾದಂಬರಿಗಳನ್ನು ತಾನೇ ಪ್ರಕಟಿಸುವುದಾಗಿ ಕಿಕ್‌ಸ್ಟಾರ್ಟರ್ ಎಂಬ ಅಂತರಜಾಲದ ಚಂದಾಪೆಟ್ಟಿಗೆಯ ಮೂಲಕ ಸಾರಿದನು. ಒಂದು ತಿಂಗಳಲ್ಲಿ ಒಂದು ಲಕ್ಷ ಎಂಬತ್ತೈದು ಸಾವಿರಕ್ಕೂ ಹೆಚ್ಚು ಮಂದಿ ಸೇರಿ ನಾಲ್ಕು ಕೋಟಿ ಡಾಲರುಗಳಿಗೂ ಮಿಗಿಲಾಗಿ ಮುಂಗಡವಿತ್ತರು. ಪೋಪನ ಗಿನಿಗಳೂ ಆನ್ನಾಳ ರೂಬಲ್‌ಗಳೂ ಇದರ ಮುಂದೆ ಸಣ್ಣವು. ಆದರೆ ಇದನ್ನು ಕಂಡು ಕನ್ನಡದ ತರುಣ ಲೇಖಕರು ತಾವೂ ಒಬ್ಬೊಬ್ಬರಾಗಿ ಹೀಗೆಯೇ ಮಾಡಬಹುದೆಂದು ನಂಬಿದರೆ ನಿರಾಶೆಯೇ ಗತಿ. ಸ್ಯಾಂಡರ್‌ಸನ್ನನಿಗೆ ಆ ಹೊತ್ತಿಗಾಗಲೇ ಎರಡು ದಶಕಗಳಿಗೆ ಸಮೀಪವಾದ ಪ್ರಸಿದ್ಧಿಯಿತ್ತು, ಲೋಕಾದ್ಯಂತ ಅಭಿಮಾನಿಗಳಿದ್ದರು. ಹೆಸರಿರುವವನಿಗೆ ಈ ಯಂತ್ರವು ಹಣ ಕೂಡಿಸಿಕೊಡುತ್ತದೆ. ಹೆಸರಿಲ್ಲದವನಿಗೆ ಹೆಸರನ್ನು ಕೊಡುವ ಶಕ್ತಿ ಅದಕ್ಕಿಲ್ಲ. ಯಯಾತಿಯ ಕರ್ತನು ಅಂದು ಒಂಟಿಯಾಗಿ ಮುಂಗಡ ಕೇಳಿದ್ದರೆ, ಬಂಧುಮಿತ್ರರನ್ನು ಬಿಟ್ಟು ಮತ್ತಾರು ಕೊಡುತ್ತಿದ್ದರು?

ಒಂಟಿ ಲೇಖಕನು ಚಂದಾದಾರರನ್ನು ನೇರವಾಗಿ ಅವಲಂಬಿಸುವುದರಲ್ಲಿ ಇನ್ನೊಂದು ಅಪಾಯವೂ ಉಂಟು. ಹಣ ಕೊಟ್ಟವನು, ಹೋದ ಸಲ ಮೆಚ್ಚಿದ್ದನ್ನೇ ಈ ಸಲವೂ ಬಯಸುತ್ತಾನೆ. ಲೇಖಕನು ಹೊಸ ದಾರಿಯನ್ನು ತುಳಿದರೆ ಮುನಿಯುತ್ತಾನೆ. ಪ್ರಭುವಿನ ಮುಖವನ್ನು ನೋಡಿ ಬರೆಯುವುದು ಹೇಗೆ ದಾಸ್ಯವೋ, ಸಹಸ್ರಾರು ಅಭಿಮಾನಿಗಳ ಮುಖವನ್ನು ನೋಡಿ ಬರೆಯುವುದೂ ಹಾಗೆಯೇ ದಾಸ್ಯವಾಗಬಲ್ಲುದು. ನಡುವೆ ವಿವೇಕಿಯಾದ ಸಂಪಾದಕನೊಬ್ಬನಿದ್ದು, ಓದುಗರ ವಿಶ್ವಾಸವನ್ನು ತಾನು ಗಳಿಸಿಕೊಂಡು, ಲೇಖಕನಿಗೆ ಅದರ ನೆರಳನ್ನು ಮಾತ್ರ ಕೊಟ್ಟರೆ, ಈ ಅಪಾಯವು ಬಹುಮಟ್ಟಿಗೆ ತಪ್ಪುತ್ತದೆ. ಜಿ. ಬಿ. ಜೋಶಿಯವರ ಹಿರಿಮೆಯನ್ನು ನಾನು ಕಾಣುವುದು ಇಲ್ಲಿ.

ಇಂದಿನ ನಮ್ಮ ಸ್ಥಿತಿ ಎಂತಿದೆ? ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಸರ್ಕಾರವು ನಡೆಸುವ ಸಗಟು ಖರೀದಿಯು ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದು. ಪೇಟೆಯಿಂದ ದೂರವಿರುವ ಊರುಗಳಿಗೆ ಪುಸ್ತಕಗಳು ಅದರಿಂದ ತಲುಪಿವೆ. ಆದರೆ ಅದನ್ನೇ ಏಕೈಕ ಗಿರಾಕಿಯೆಂದು ಎಣಿಸಿ ಪುಸ್ತಕವನ್ನು ಅಚ್ಚು ಹಾಕುವ ಅಭ್ಯಾಸ ಬೆಳೆದಾಗ, ಓದುಗನ ಮುಖವನ್ನು ನೋಡುವ ಅಗತ್ಯವೇ ಪ್ರಕಾಶಕನಿಗೆ ಇಲ್ಲದಂತಾಗುತ್ತದೆ, ಖರೀದಿ ನಿಂತ ವರ್ಷ ಪುಸ್ತಕವೂ ನಿಲ್ಲುತ್ತದೆ. ಇನ್ನು ಗೌರವಪ್ರತಿಯೆಂಬ ನಮ್ಮ ರೂಢಿ. ಬಿಡುಗಡೆಯ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರಲ್ಲಿ ಬಹುಮಂದಿ ಪುಸ್ತಕವು ತಮಗೆ ಉಚಿತವಾಗಿ ಬರಬೇಕೆಂದು ಸಹಜವಾಗಿಯೇ ನಿರೀಕ್ಷಿಸುತ್ತಾರೆ. ಸ್ನೇಹಿತರು, ಬಂಧುಗಳು, ಸಹೋದ್ಯೋಗಿಗಳು, ಇವರಲ್ಲಿ ಯಾರೊಬ್ಬರೂ ಲೇಖಕನಿಗೆ ಕೆಟ್ಟದ್ದನ್ನು ಬಯಸುವವರಲ್ಲ. ಆದರೆ ಅಚ್ಚಿನ ಖರ್ಚನ್ನು ತನ್ನ ಸಂಬಳದಿಂದ ಕೊಟ್ಟ ಕಾಲೇಜು ಅಧ್ಯಾಪಕನೊಬ್ಬನು, ತನ್ನನ್ನು ಹೊಗಳುತ್ತಿರುವವರಿಗೆಲ್ಲ ಸಹಿ ಹಾಕಿ ಪುಸ್ತಕವನ್ನು ಕೊಡುತ್ತ ಹೋಗುವಾಗ, ಆ ಹೊಗಳಿಕೆಯ ಬೆಲೆಯನ್ನೂ ತಾನೇ ತೆರುತ್ತಿರುತ್ತಾನೆ. ಸ್ನೇಹಿತನ ಪುಸ್ತಕವನ್ನು ಮೊದಲು ಕೊಳ್ಳಬೇಕಾದವನು ಸ್ನೇಹಿತನೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆಶೆಗೆ ಕಾರಣವೂ ಇದೆ. ಪ್ರಕಟಣಪೂರ್ವ ರಿಯಾಯಿತಿಯ ಕರೆ ಈಗ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಜೊತೆಗೆ ಕ್ಯೂಆರ್ ಕೋಡಿನ ಚೌಕವೊಂದು. ಓದುಗನು ಕುಳಿತಲ್ಲಿಂದಲೇ ಹಣ ಕಳುಹಿಸಿ ತನ್ನ ವಿಳಾಸವನ್ನು ಬರೆಯುತ್ತಾನೆ. ವಾರವೆರಡು ವಾರಗಳಲ್ಲಿ ಪುಸ್ತಕವು ಅಂಚೆಯಲ್ಲಿ ಬರುತ್ತದೆ. ಕನ್ನಡದ ಕೆಲವು ಸಣ್ಣ ಪ್ರಕಾಶನಗಳು ಈ ಮುಂಗಡದ ಬಲದಿಂದಲೇ ನಡೆಯುತ್ತಿವೆ. ಗಳಗನಾಥರು ಒಂದು ದಿನದ ನಡಿಗೆಯಿಂದ ತಲುಪುತ್ತಿದ್ದ ಊರನ್ನು ಇಂದಿನ ಲೇಖಕನು ಒಂದು ಕ್ಷಣದಲ್ಲಿ ತಲುಪುತ್ತಾನೆ. ದುಬೈಯಲ್ಲಿಯೋ ಕ್ಯಾಲಿಫೋರ್ನಿಯದಲ್ಲಿಯೋ ನೆಲಸಿರುವ ಕನ್ನಡಿಗನಿಗೂ ಈ ಕರೆ ಮುಟ್ಟುತ್ತದೆ. ಆದರೆ ಬರುವ ಕರೆಗಳೆಲ್ಲ ಬಿಡಿಬಿಡಿಯಾದುವು: ಒಬ್ಬ ಲೇಖಕ, ಒಂದು ಪುಸ್ತಕ, ಒಂದು ಸಲ. ಪ್ರತಿ ಪುಸ್ತಕಕ್ಕೂ ಹೊಸದಾಗಿ ಬೇಡಬೇಕು. ಮೂರನೆಯ ಸಲ ಬೇಡುವಾಗ ಲೇಖಕನಿಗೂ ದಣಿವು, ಕೊಡುವವನಿಗೂ ದಣಿವು.

ಆದುದರಿಂದ ನನ್ನ ಸೂಚನೆ ಇದು. ಜಿಲ್ಲೆಗೊಂದರಂತೆ, ಸಾಧ್ಯವಾದಲ್ಲಿ ತಾಲ್ಲೂಕಿಗೊಂದರಂತೆ, ವಾರ್ಷಿಕ ಚಂದಾದ ಗ್ರಂಥಮಾಲೆಗಳನ್ನು ಕಟ್ಟಬೇಕು. ಐನೂರು ಮನೆಗಳು ವರ್ಷಕ್ಕೆ 1,000 ರೂಪಾಯಿಗಳಂತೆ ಕೊಟ್ಟರೆ ಐದು ಲಕ್ಷವಾಗುತ್ತದೆ. ಈ ಮೊತ್ತದಲ್ಲಿ ನಾಲ್ಕು ಪುಸ್ತಕಗಳ ಕಾಗದ, ಮುದ್ರಣ, ಅಂಚೆಯ ವೆಚ್ಚಗಳನ್ನು ಕಳೆದು ಲೇಖಕರಿಗೆ ಗೌರವಯುತವಾದ ಸಂಭಾವನೆಯನ್ನು ಹಸ್ತಪ್ರತಿ ಒಪ್ಪಿಸಿದ ದಿನವೇ ಕೊಡುವುದು ಅಸಾಧ್ಯವಲ್ಲ. ನಾಲ್ಕರಲ್ಲಿ ಒಂದು ಕಡ್ಡಾಯವಾಗಿ ಯಾರೂ ಹೆಸರು ಕೇಳದ ಲೇಖಕನ ಮೊದಲ ಕೃತಿಯಾಗಿರಲಿ. ಆರಿಸುವ ಸಂಪಾದಕರು ಇಬ್ಬರೋ ಮೂವರೋ ಇದ್ದು, ತಮ್ಮ ಹೆಸರನ್ನು ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಅಚ್ಚು ಹಾಕಿಸಿ, ಆಯ್ಕೆಗೆ ಹೊಣೆಯಾಗಲಿ. ಅವರ ಸ್ವಂತ ಪುಸ್ತಕಗಳು ಆ ಮಾಲೆಯಲ್ಲಿ ಬಾರದಿರಲಿ. ಗೌರವಪ್ರತಿಗಳು ಗ್ರಂಥಾಲಯಗಳಿಗೂ ವಿಮರ್ಶೆ ಬರೆಯುವವರಿಗೂ ಹೊರತು ಬೇರೆ ಯಾರಿಗೂ ಇಲ್ಲವೆಂಬ ನಿಯಮವಿರಲಿ. ವರ್ಷದ ಕೊನೆಯಲ್ಲಿ ಎಷ್ಟು ಬಂದಿತು, ಯಾರಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಕೊನೆಯ ಪುಸ್ತಕದ ಜೊತೆಗೇ ಚಂದಾದಾರರ ಮನೆಗೆ ಕಳುಹಿಸಲಿ. ಆನ್ನಾ ಗ್ರಿಗೋರ್ಯೆವ್ನಾಳ ಕಮಿಷನ್ನಿನ ಲೆಕ್ಕವೂ ಜೋಶಿಯವರ ಆಯ್ಕೆಯ ದಿಟ್ಟತನವೂ ಒಂದೆಡೆ ಸೇರಬೇಕಾದದ್ದು ಹೀಗೆ. ಹೊಸ ವರ್ಷದ ಪಂಚಾಂಗ ಮನೆಗೆ ಬರುವ ಯುಗಾದಿಯ ಹೊತ್ತಿಗೆ ಚಂದಾ ಕೂಡಿಸಲು ತೊಡಗಿದರೆ, ನವೆಂಬರ್ ತಿಂಗಳ ರಾಜ್ಯೋತ್ಸವದ ವೇಳೆಗೆ ಮೊದಲ ಎರಡು ಪುಸ್ತಕಗಳನ್ನು ಚಂದಾದಾರರ ಕೈಯಲ್ಲಿಡಲು ಸಾಧ್ಯ. ಇದಕ್ಕೆ ಮುಂದಾಗುವ ಊರುಗಳ ಕಾಲೇಜು ಅಧ್ಯಾಪಕರೂ ಪುಸ್ತಕದಂಗಡಿಯವರೂ ಮೊದಲ ಐವತ್ತು ಹೆಸರುಗಳನ್ನು ಬರೆದುಕೊಳ್ಳುವ ಕೆಲಸಕ್ಕೆ ಈ ವರ್ಷವೇ ಕುಳಿತುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.